‘ಕಾಯಿಮಳೆ’ಯನ್ನು ನಿಘಂಟಿಗೆ ಸೇರಿಸಬಹುದೇ?

ಪ್ರಶ್ನೆ: ನಾವು ಕೊಡಗಿನ ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು. ಊರಿನ ಕೆಲವರು ಸೇರಿ ತೋಟದ ಪದಗಳ ಒಂದು ಸಣ್ಣ ನಿಘಂಟು ಮಾಡುತ್ತಿದ್ದೇವೆ. ಕಾಫಿ ಹೂ ಬಿಟ್ಟ ಮೇಲೆ ಬೇಕಾಗುವ ಎರಡನೇ ಮಳೆಗೆ ಇಲ್ಲಿ ಎಲ್ಲರೂ ‘ಬ್ಯಾಕಿಂಗ್’ ಅನ್ನುತ್ತಾರೆ. ನಾಲ್ಕೈದು ವರ್ಷದ ಹಿಂದೆ ನಮ್ಮೂರಿನ ಮೇಷ್ಟ್ರೊಬ್ಬರು ಅದನ್ನು ‘ಕಾಯಿಮಳೆ’ ಎಂದು ಕರೆದರು. ಈಗ ಹತ್ತು ಹದಿನೈದು ಮನೆಯವರು ಹಾಗೇ ಹೇಳುತ್ತೇವೆ. ಇದನ್ನು ಸೇರಿಸೋಣ ಅಂದರೆ ನಮ್ಮಲ್ಲೇ ಎರಡು ಮಾತು. ‘ಯಾವ ನಿಘಂಟಿನಲ್ಲೂ ಇಲ್ಲದ ಪದ, ಬೇಡ’ ಅಂತ ಕೆಲವರು. ‘ನಿಘಂಟಿಗೆ ಹಾಕಿದರೆ ತಾನೇ ಜನ ಬಳಸೋದು’ ಅಂತ ಇನ್ನು ಕೆಲವರು. ಯಾರ ಮಾತು ಸರಿ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನಿಮ್ಮ ತೋಟದ ನಿಘಂಟಿಗೆ ‘ಕಾಯಿಮಳೆ’ ಬರಲಿ. ಆದರೆ ಸುಮ್ನೆ ಪದ, ಅರ್ಥ ಎರಡೇ ಬರೆದು ಬಿಡಬೇಡಿ. ಯಾವ ಊರಿನಲ್ಲಿ, ಯಾವ ವರ್ಷದಿಂದ, ಯಾರ ಬಾಯಲ್ಲಿ ಎಂಬುದೂ ಜೊತೆಗಿರಲಿ. ಇಡೀ ಕನ್ನಡಕ್ಕೆಂದು ಮಾಡುವ ಸಾಮಾನ್ಯ ನಿಘಂಟಿಗೆ ಮಾತ್ರ ಈಗಲೇ ಬೇಡ. ಅಲ್ಲಿಗೆ ಇನ್ನಷ್ಟು ಪುರಾವೆ ಬೇಕು. ಅದನ್ನು ಕೂಡಿಸುವ ಕೆಲಸವನ್ನು ನಿಮ್ಮಷ್ಟು ಚೆನ್ನಾಗಿ ಬೇರೆ ಯಾರೂ ಮಾಡಲಾರರು.

ಇನ್ನು ನಿಮ್ಮಲ್ಲಿನ ಎರಡು ಮಾತು. ಎರಡನ್ನೂ ನಾನು ಒಪ್ಪುವುದಿಲ್ಲ.

‘ಯಾವ ನಿಘಂಟಿನಲ್ಲೂ ಇಲ್ಲ, ಅದಕ್ಕೇ ಬೇಡ’ ಅನ್ನುವುದು ಒಂದು ನಿಯಮವಾದರೆ ಯಾವ ಹೊಸ ಪದವೂ ಯಾವತ್ತೂ ಒಳಗೆ ಬರಲಾರದು. ಕಿಟೆಲ್ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಸುಮಾರು 70,000 ಪದಗಳಿವೆ. ಎಷ್ಟೋ ಪದಗಳು ಅಚ್ಚಿನ ಮುಖ ಕಂಡಿದ್ದೇ ಅಲ್ಲಿ. ಕನ್ನಡ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು ಎಂಟು ಸಂಪುಟ. ಮೊದಲ ಸಂಪುಟ 1970ರಲ್ಲಿ ಬಂತು, ಕೊನೆಯದು 1995ರಲ್ಲಿ. ‘ಅ’ ಅಕ್ಷರ ಮೊದಲ ಸಂಪುಟದಲ್ಲೇ ಮುಗಿದಿದ್ದರಿಂದ ‘ಅಂತರ್ಜಾಲ’ ಎಂಬ ಪದಕ್ಕೆ ಅಲ್ಲಿ ಜಾಗವೇ ಇರಲಿಲ್ಲ, ಪದವೇ ಇನ್ನೂ ಹುಟ್ಟಿರಲಿಲ್ಲ. ಹಾಗಂತ ಅದು ಕನ್ನಡವಲ್ಲ ಅನ್ನಲಾದೀತೇ? ನಿಘಂಟಿನಲ್ಲಿ ಒಂದು ಪದ ಇಲ್ಲ ಅಂದರೆ ಇನ್ನೂ ಯಾರೂ ಬರೆದಿಟ್ಟಿಲ್ಲ ಅಂತ ಅರ್ಥ, ಅಷ್ಟೇ.

ಎರಡನೇ ಮಾತು ಇನ್ನೂ ಜಾಸ್ತಿ ಅಪಾಯದ್ದು, ಯಾಕೆಂದರೆ ಅದು ಒಳ್ಳೆಯ ಮನಸ್ಸಿನಿಂದ ಬರುತ್ತದೆ. ಕನ್ನಡ ಬೆಳೆಯಲಿ ಎಂಬ ಆಸೆ ಅದರ ಹಿಂದಿದೆ. ಆದರೆ ಜನ ನಿಘಂಟು ತೆಗೆಯುವುದು ಯಾವಾಗ? ಎಲ್ಲೋ ಒಂದು ಪದ ಎದುರಾಗಿ, ಅರ್ಥ ತಿಳಿಯದೆ ಹೋದಾಗ. ಎಲ್ಲೂ ಎದುರಾಗದ ಪದವನ್ನು ಯಾರೂ ಹುಡುಕುವುದಿಲ್ಲ. ಅದು ಪುಟದಲ್ಲಿ ಬಿದ್ದಿರುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನೀವು ಆಸೆಯಿಂದ ಹಾಕಿದ ಹತ್ತು ಪದ ಯಾರ ಬಾಯಲ್ಲೂ ಇಲ್ಲ ಅಂತ ಓದುಗರಿಗೆ ಗೊತ್ತಾದರೆ, ಉಳಿದ ಐನೂರು ನಿಜವಾದ ಪದಗಳ ಮೇಲಿನ ನಂಬಿಕೆಯೂ ಹೋಗುತ್ತದೆ.

ಇದು ಬರೀ ಹೆದರಿಕೆಯ ಮಾತಲ್ಲ. ಅಮೆರಿಕದ ವೆಬ್‌ಸ್ಟರ್ ನಿಘಂಟಿನ 1934ರ ಆವೃತ್ತಿಯಲ್ಲಿ ‘ಡಾರ್ಡ್’ ಎಂಬ ಪದ ಬಂತು. ಅರ್ಥ ‘ಸಾಂದ್ರತೆ’ ಎಂದಿತ್ತು. ಅಂಥ ಪದವೇ ಇರಲಿಲ್ಲ. ‘ದೊಡ್ಡ ಡಿ ಅಥವಾ ಸಣ್ಣ ಡಿ ಅಕ್ಷರ ಸಾಂದ್ರತೆಯ ಗುರುತು’ ಎಂದು ತಿಳಿಸುವ ಒಂದು ಚೀಟಿ ತಪ್ಪು ಕಟ್ಟಿಗೆ ಸೇರಿ, ಎರಡು ಅಕ್ಷರ ಮತ್ತು ನಡುವಿನ ‘ಆರ್’ (ಇಂಗ್ಲಿಷಿನಲ್ಲಿ ‘ಅಥವಾ’) ಕೂಡಿಕೊಂಡು ಒಂದೇ ಪದವಾಗಿಬಿಟ್ಟಿತ್ತು. 1939ರಲ್ಲಿ ಒಬ್ಬ ಸಂಪಾದಕರು ಗಮನಿಸಿದರು: ಈ ಪದಕ್ಕೆ ಮೂಲ ಎಲ್ಲಿಂದ ಎಂದು ಬರೆದೇ ಇಲ್ಲವಲ್ಲ? ಆಮೇಲೆ ತೆಗೆದರು. ಯಾರೋ ಬಳಸಿದ ಒಂದೇ ಒಂದು ವಾಕ್ಯ ತೋರಿಸಿ ಅಂತ ಮೊದಲೇ ಕೇಳಿದ್ದರೆ ಆ ಪದ ಬಾಗಿಲು ದಾಟುತ್ತಿರಲಿಲ್ಲ.

ನಿಘಂಟಿನ ಕೆಲಸ ಸಾಕ್ಷಿ ಹೇಳುವುದು. ಈ ಪದವನ್ನು ಜನ ಹೀಗೆ ಬಳಸಿದ್ದಾರೆ, ಇಗೋ ನೋಡಿ ಅಂತ ತೋರಿಸುವುದು. ಹೊಸ ಪದಗಳನ್ನು ಸೂಚಿಸುವ ಪುಸ್ತಕಗಳೂ ಬೇಕು. ಆಡಳಿತದ ಪದಕೋಶ, ವಿಜ್ಞಾನದ ಪಾರಿಭಾಷಿಕ ಪದಕೋಶ ಇವೆಲ್ಲ ಆ ಜಾತಿಯವು. ‘ಹೀಗೆ ಹೇಳಿದರೆ ಚೆನ್ನ’ ಎಂಬುದು ಅವುಗಳ ದನಿ. ‘ಹೀಗೆ ಹೇಳುತ್ತಾರೆ’ ಎಂಬುದು ನಿಘಂಟಿನ ದನಿ. ನಿಮ್ಮ ಪುಸ್ತಕ ಎರಡನ್ನೂ ಮಾಡಬಹುದು, ತಪ್ಪೇನಿಲ್ಲ. ಆದರೆ ಯಾವುದು ಜನ ಆಡುವ ಪದ, ಯಾವುದು ನಿಮ್ಮ ಸಲಹೆ ಎಂಬುದು ಓದುಗರಿಗೆ ನೋಡಿದ ಕೂಡಲೇ ತಿಳಿಯಬೇಕು.

ಈಗ ‘ಕಾಯಿಮಳೆ’ಗೆ ಬರೋಣ. ಪದ ನನಗೆ ತುಂಬಾ ಇಷ್ಟವಾಯಿತು. ಫೆಬ್ರವರಿ, ಮಾರ್ಚಿನಲ್ಲಿ ಒಣಗಿ ನಿಂತ ಗಿಡಕ್ಕೆ ಇಂಚು, ಒಂದೂವರೆ ಇಂಚು ಮಳೆ ಬಿದ್ದರೆ ವಾರ, ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ ಹೂ ಬಿಡುತ್ತದೆ. ಅದು ಹೂಮಳೆ. ಆಮೇಲೆ ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ನಿಲ್ಲುವುದಿಲ್ಲ. ಅದು ಕಾಯಿಮಳೆ. ಹೂಮಳೆಯ ಪಕ್ಕದಲ್ಲಿ ಇಟ್ಟರೆ ಎಷ್ಟು ಹೊಂದುತ್ತದೆ, ಅಲ್ವಾ? ಆದರೆ ನನಗೆ ಇಷ್ಟವಾಗಿದ್ದು ಪುರಾವೆಯಲ್ಲ. ಚೆಂದದ ಪದಗಳು ಎಷ್ಟೋ ಹುಟ್ಟಿ, ಹುಟ್ಟಿಸಿದವರ ಜೊತೆಗೇ ಹೋಗಿವೆ. ಕಿವಿಗೆ ಒರಟಾದವು ನೂರು ವರ್ಷ ಬದುಕಿವೆ.

ಹಾಗಾದರೆ ಪುರಾವೆ ಅಂದರೆ ಏನು? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಜನ ಎಡವುವುದು ಇಲ್ಲೇ.

ಒಬ್ಬರು ಬರೆಯುತ್ತಾರೆ: ‘ಬ್ಯಾಕಿಂಗ್ ಶವರ್‌ಗೆ ಕನ್ನಡದಲ್ಲಿ ಕಾಯಿಮಳೆ ಎನ್ನಬಹುದು.’ ಇನ್ನೊಬ್ಬರು ಅಂಗಡಿ ಮುಂದೆ ನಿಂತು ಹೇಳುತ್ತಾರೆ: ‘ಕಾಯಿಮಳೆ ಇನ್ನೂ ಬಂದಿಲ್ಲ ಮಾರಾಯ, ನಾಳೆಯಿಂದ ಸ್ಪ್ರಿಂಕ್ಲರ್ ಹಾಕ್ಬೇಕು.’ ಮೊದಲನೆಯವರು ಪದದ ಬಗ್ಗೆ ಮಾತಾಡಿದರು. ಎರಡನೆಯವರು ಪದವನ್ನು ಆಡಿದರು. ನಿಘಂಟಿಗೆ ಬೇಕಾದದ್ದು ಎರಡನೆಯದು. ಅವರು ಅರ್ಥ ಬಿಡಿಸಿ ಹೇಳಲಿಲ್ಲ, ಕೇಳಿದವರು ‘ಹಾಗಂದ್ರೆ?’ ಅನ್ನಲಿಲ್ಲ. ಪದ ಇಬ್ಬರ ನಡುವೆ ತನ್ನ ಕೆಲಸ ಮಾಡಿ ಮುಗಿಸಿತು. ಪದದ ಬಗ್ಗೆ ಹತ್ತು ಲೇಖನ ಬಂದರೂ ಅಂಥ ಒಂದು ವಾಕ್ಯಕ್ಕೆ ಸಮವಲ್ಲ. ಕನ್ನಡದಲ್ಲಿ ಹೊಸ ಪದಗಳ ಬಗ್ಗೆ ಚರ್ಚೆ ಜಾಸ್ತಿ, ಬಳಕೆ ಕಡಿಮೆ. ‘ಮಿಂಚಂಚೆ’ಯನ್ನೇ ನೋಡಿ. ಚೆನ್ನಾಗಿದೆ ಎಂದು ಹೊಗಳಿದವರು ಬಹಳ. ಆದರೆ ಆಫೀಸಿನಲ್ಲಿ ‘ಮೇಲ್ ಕಳಿಸಿ’ ಅನ್ನುವುದೇ ವಾಡಿಕೆ. ‘ಜಾಲತಾಣ’ ಹಾಗಲ್ಲ. ಪತ್ರಿಕೆಗಳು, ಸರ್ಕಾರಿ ಸುತ್ತೋಲೆಗಳು ಯಾವ ವಿವರಣೆಯೂ ಇಲ್ಲದೆ ಬಳಸುತ್ತವೆ. ಅದರ ಬಗ್ಗೆ ಈಗ ಯಾರೂ ವಾದ ಮಾಡುವುದಿಲ್ಲ.

ಇನ್ನೊಂದು, ಬಳಸಿದವರು ಬೇರೆ ಬೇರೆಯವರಾಗಿರಬೇಕು. ಮೇಷ್ಟ್ರು ಮೂರು ಕಡೆ ಬರೆದರೆ ಅದು ಮೂರಲ್ಲ, ಒಂದೇ. ಊರಿನ ವಾಟ್ಸಾಪ್ ಗುಂಪಿನಲ್ಲಿ ಒಂದೇ ಸಂದೇಶ ನಲವತ್ತು ಜನ ಮುಂದೆ ಕಳಿಸಿದರೂ ಒಂದೇ. ಪದ ಹುಟ್ಟಿಸಿದವರ ಸ್ವಂತ ಬಳಕೆಗೆ ಇಲ್ಲಿ ಬೆಲೆ ಕಡಿಮೆ. ಇದು ಅವರಿಗೆ ಅಗೌರವವಲ್ಲ. ಪದ ಅವರ ಕೈಬಿಟ್ಟು ನಡೆಯುತ್ತಿದೆಯೇ ಅಂತ ನೋಡಬೇಕಲ್ಲ, ಅದಕ್ಕೆ. ನಿಮ್ಮ ವಿಷಯದಲ್ಲಿ ನಾನು ಕೇಳುವ ಪ್ರಶ್ನೆ ಇದು: ಮೇಷ್ಟ್ರ ಪರಿಚಯವೇ ಇಲ್ಲದ ಯಾರಾದರೂ ‘ಕಾಯಿಮಳೆ’ ಅಂದಿದ್ದಾರಾ? ಸುಂಟಿಕೊಪ್ಪದಲ್ಲಿ, ಸಿದ್ದಾಪುರದಲ್ಲಿ, ಗೋಣಿಕೊಪ್ಪದಲ್ಲಿ? ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಅನ್ನುತ್ತಾರಾ? ಮೇಸ್ತ್ರಿ? ಲೈನ್‌ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೆಲಸಗಾರರು? ತೋಟದ ಯಜಮಾನರ ಹದಿನೈದು ಮನೆಯಲ್ಲಿ ಮಾತ್ರ ಓಡಾಡುವ ಪದಕ್ಕೂ, ಮಳೆ ನೋಡಿ ಕೆಲಸ ಹಚ್ಚುವ ಮೇಸ್ತ್ರಿಯ ಬಾಯಲ್ಲಿರುವ ಪದಕ್ಕೂ ಆಯಸ್ಸು ಬೇರೆ ಬೇರೆ.

ಎಷ್ಟು ಸಲ ಸಿಕ್ಕಿದರೆ ಸಾಕು? ಒಂದೊಂದು ನಿಘಂಟಿನದು ಒಂದೊಂದು ಲೆಕ್ಕ. ಜನರೇ ಸೇರಿ ಬರೆಯುವ ಆನ್‌ಲೈನ್ ನಿಘಂಟು ಇಂಗ್ಲಿಷ್ ವಿಕ್ಷನರಿಯ ನಿಯಮ ಬಿಗಿಯಾಗಿದೆ, ಆದರೆ ಅರ್ಥವಾಗುವಂಥದ್ದು: ಒಬ್ಬರಿಗೊಬ್ಬರು ಸಂಬಂಧವಿಲ್ಲದ ಮೂರು ಬಳಕೆ ಬೇಕು, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಕಡಿಮೆಯೆಂದರೆ ಒಂದು ವರ್ಷದ ಅಂತರ ಇರಬೇಕು, ಅವು ಉಳಿಯುವಂಥ ದಾಖಲೆಯಲ್ಲಿರಬೇಕು. ಅಚ್ಚು, ಬರಹ ಕಡಿಮೆಯಿರುವ ಭಾಷೆಗಳಿಗೆ ಅದೇ ವಿಕ್ಷನರಿ ಒಂದೇ ಪುರಾವೆ ಸಾಕು ಅನ್ನುತ್ತದೆ. ಈ ಎರಡನೇ ನಿಯಮ ಕೊಡಗಿನವರಿಗೆ ಮುಖ್ಯ. 2011ರ ಜನಗಣತಿಯಲ್ಲಿ ಕೊಡವರ ಭಾಷೆಯಾದ ಕೊಡವ ತಕ್ಕ್ ಮನೆಮಾತು ಅಂತ ಬರೆಸಿದವರು 1 ಲಕ್ಷ 13 ಸಾವಿರ ಚಿಲ್ಲರೆ. ಅಲ್ಲಿ ಮೂರು ಪುಸ್ತಕದಲ್ಲಿ ಇದೆಯಾ ಅಂತ ಕೇಳಿದರೆ ಅರ್ಧ ಭಾಷೆಯೇ ಹೊರಗುಳಿಯುತ್ತದೆ. ಎಮೆನೊ ಎಂಬ ವಿದ್ವಾಂಸರು 1930ರ ದಶಕದಲ್ಲಿ ಕೊಡಗಿನ ಮಾತನ್ನು ಜನರ ಬಾಯಿಂದಲೇ ಬರೆದುಕೊಂಡರು. ಅವರು ಮತ್ತು ಬರೋ ಸೇರಿ 1961ರಲ್ಲಿ ಹೊರತಂದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ನಿಘಂಟಿನಲ್ಲಿ, ಅಂದರೆ ಪದಗಳ ಮೂಲ ತಿಳಿಸುವ ನಿಘಂಟಿನಲ್ಲಿ, ಕೊಡವ ಪದಗಳು ತಮಿಳು, ಕನ್ನಡದ ಸಾಲಿನಲ್ಲೇ ಸಾಕ್ಷಿಯಾಗಿ ನಿಂತಿವೆ. ಬಾಯಿಮಾತು ಪುರಾವೆಯಲ್ಲ ಅನ್ನುವವರಿಗೆ ಇದನ್ನು ತೋರಿಸಿ.

ಹಾಗಾಗಿ ನಿಮ್ಮ ಪದ ಯಾವ ಭಾಷೆಯದು ಎಂಬುದನ್ನೂ ಗುರುತು ಮಾಡಿಕೊಳ್ಳಿ. ‘ಕಾಯಿಮಳೆ’ ಕನ್ನಡದ ಕಟ್ಟಡ, ಅನುಮಾನವಿಲ್ಲ. ಆದರೆ ಕೊಡವ ತಕ್ಕ್ ಅಥವಾ ಕೊಡಗಿನ ಇನ್ನೊಂದು ಮನೆಮಾತಾದ ಅರೆಭಾಷೆ ಆಡುತ್ತಾ ನಡುವೆ ಈ ಪದ ತಂದರೆ ಅದನ್ನು ಬೇರೆಯಾಗಿ ಬರೆಯಿರಿ. ಕೊಡಗಿನಲ್ಲಿ ಒಂದೇ ಕಣದಲ್ಲಿ ನಾಲ್ಕು ಭಾಷೆ ಓಡಾಡುತ್ತವೆ. ಪದ ಯಾವ ಮನೆಯಿಂದ ಯಾವ ಮನೆಗೆ ಹೋಯಿತು ಎಂಬುದು ಮುಂದೆ ಯಾರಿಗಾದರೂ ಬೇಕೇ ಬೇಕಾಗುತ್ತದೆ.

ಪದ ‘ಅಪರೂಪ’ ಎಂಬುದನ್ನು ಮಾತ್ರ ದೋಷ ಅಂದುಕೊಳ್ಳಬೇಡಿ. ಬ್ಯಾಕಿಂಗ್ ಮಳೆಯ ಮಾತು ಬರುವುದೇ ವರ್ಷಕ್ಕೆ ಒಂದೆರಡು ತಿಂಗಳು. ಅದೂ ಕಾಫಿ ಬೆಳೆಯುವ ಕೊಡಗು, ಚಿಕ್ಕಮಗಳೂರು, ಹಾಸನದ ಮೂಲೆಗಳಲ್ಲಿ. ಬೆಂಗಳೂರಿನ ಪತ್ರಿಕೆಗಳನ್ನೆಲ್ಲ ಜಾಲಾಡಿ ‘ಇಷ್ಟೇ ಸಲ ಸಿಕ್ಕಿತು’ ಅಂದರೆ ಅದು ಅಳತೆಯೇ ಅಲ್ಲ. ಆ ಮಳೆಯ ಬಗ್ಗೆ ಮಾತಾಡುವವರು, ಮಾತಾಡಬೇಕಾದ ಹೊತ್ತಿನಲ್ಲಿ, ಯಾವ ಪದ ಆಡುತ್ತಾರೆ ಎಂದು ಕೇಳಬೇಕು. ನೂರು ಸಲದಲ್ಲಿ ತೊಂಬತ್ತೆಂಟು ಸಲ ‘ಬ್ಯಾಕಿಂಗ್’ ಬಂದು ಎರಡು ಸಲ ‘ಕಾಯಿಮಳೆ’ ಬಂದರೆ ನಿಮ್ಮ ಪದ ನಿಜಕ್ಕೂ ಅಪರೂಪ. ನೂರಕ್ಕೆ ಮೂವತ್ತು ಬಂದರೆ ಅಪರೂಪವಲ್ಲ, ಸ್ಥಳೀಯ. ಇವೆರಡನ್ನು ಬೆರೆಸಬಾರದು.

ಹಳಗನ್ನಡದಲ್ಲಿ ಒಂದೇ ಒಂದು ಶಾಸನದಲ್ಲಿ, ಒಂದೇ ಸಲ ಬಂದ ಪದವನ್ನೂ ನಿಘಂಟಿಗೆ ಸೇರಿಸುತ್ತೇವೆ. ಅದು ಸರಿಯೇ. ಆ ಕಾಲದಿಂದ ಉಳಿದು ಬಂದದ್ದೇ ಸ್ವಲ್ಪ, ಇನ್ನೊಂದು ಸಾಕ್ಷಿ ಬೇಕು ಅಂದರೆ ತರುವುದೆಲ್ಲಿಂದ? ‘ಹಾಗಾದರೆ ಹೊಸ ಪದಕ್ಕೆ ಮಾತ್ರ ಯಾಕೆ ಇಷ್ಟು ಪರೀಕ್ಷೆ?’ ಅಂತ ನೀವು ಕೇಳಬಹುದು. ಹೊಸ ಪದದ ಜನ ಬದುಕಿದ್ದಾರೆ. ಮುಂದಿನ ಮಾರ್ಚಿನಲ್ಲಿ ಮತ್ತೆ ಕಿವಿಗೊಡಬಹುದು. ಕಾಯಲು ಸಾಧ್ಯವಿರುವ ಕಡೆ ಕಾಯುವುದು ಒಳ್ಳೆಯದು.

ಕಾದರೆ ಪದ ಸಾಯುವುದಿಲ್ಲ, ಅದಕ್ಕೆ ಬೇಕಾದಷ್ಟು ಉದಾಹರಣೆ ಇದೆ. ಆಕ್ಸ್‌ಫರ್ಡ್‌ನವರು ‘ಸೆಲ್ಫಿ’ಯನ್ನು ವರ್ಷದ ಪದ ಎಂದು ಆರಿಸಿದ್ದು 2013ರಲ್ಲಿ. ಆಗ ಅವರಿಗೆ ಸಿಕ್ಕ ಮೊದಲ ಬಳಕೆ 2002ರದು, ಆಸ್ಟ್ರೇಲಿಯಾದ ಒಬ್ಬರು ಬರೆದದ್ದು. ಹತ್ತು ವರ್ಷ ಅದು ಮೂಲೆಯಲ್ಲೇ ಇತ್ತು. ನಮ್ಮಲ್ಲೇ ‘ಆಕಾಶವಾಣಿ’ ನೋಡಿ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಶುರು ಮಾಡಿದ ಖಾಸಗಿ ಬಾನುಲಿ ಕೇಂದ್ರಕ್ಕೆ ಅಂಟಿದ ಹೆಸರು ಅದು. ಪದ ಹಳೆಯದೇ, ಪುರಾಣದಲ್ಲಿ ಆಕಾಶದಿಂದ ಕೇಳುವ ಮಾತು. ರೇಡಿಯೋ ಎಂಬ ಅರ್ಥ ಮಾತ್ರ ಹೊಸದು. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. 1935ರಲ್ಲಿ ಒಬ್ಬ ನಿಘಂಟುಕಾರ ಆ ಹೊಸ ಅರ್ಥವನ್ನು ತಾರೀಖು ಹಾಕಿ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರೆ ಅಷ್ಟೇ ಸಾಕಿತ್ತು. ಅಚ್ಚು ಹಾಕಲು ಅವಸರವಿರಲಿಲ್ಲ.

ಆ ಚೀಟಿಯ ಕೆಲಸವೇ ನಿಮ್ಮದು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಜೇಮ್ಸ್ ಮರ್ರಿ 1879ರಲ್ಲಿ ಸಾರ್ವಜನಿಕರಿಗೆ ಮನವಿ ಮಾಡಿ, ಓದುವಾಗ ಸಿಕ್ಕ ವಾಕ್ಯಗಳನ್ನು ಚೀಟಿಯಲ್ಲಿ ಬರೆದು ಕಳಿಸಿ ಅಂದರು. ಸಾವಿರಾರು ಜನ ಕಳಿಸಿದರು. ಮೊದಲ ಆವೃತ್ತಿ ಮುಗಿದದ್ದು 1928ರಲ್ಲಿ, ಮರ್ರಿ ತೀರಿಕೊಂಡ ಮೇಲೆ. ಆ ನಿಘಂಟು ನಿಂತಿರುವುದು ಅಂಥ ಚೀಟಿಗಳ ಮೇಲೆ. ನಿಮ್ಮ ಒಂದು ಚೀಟಿ ಹೀಗಿರಬಹುದು:

‘ಕಾಯಿಮಳೆ. ವಾಕ್ಯ: “ಹೂಮಳೆ ಒಂದು ಇಂಚು ಇಪ್ಪತ್ತು ಸೆಂಟು ಬಂತು, ಕಾಯಿಮಳೆ ಕೈಕೊಟ್ಟಿತು.” ಹೇಳಿದವರು: ಬೆಳೆಗಾರರು, ವಯಸ್ಸು ಅರವತ್ತರ ಆಸುಪಾಸು, ಮನೆಮಾತು ಅರೆಭಾಷೆ. ಊರು, ತಾರೀಖು. ಬಸ್ ಕಾಯುವಾಗ ಬೇರೆಯವರ ಜೊತೆ ಮಾತಾಡುತ್ತಾ ಹೇಳಿದ್ದು. ನಾನು ಕೇಳಿ ಹೇಳಿಸಿದ್ದಲ್ಲ.’

ಆ ಕೊನೆಯ ಸಾಲು ಮರೆಯಬೇಡಿ. ‘ನೀವು ಇದಕ್ಕೆ ಕಾಯಿಮಳೆ ಅಂತೀರಾ?’ ಎಂದು ಕೇಳಿದರೆ ಮರ್ಯಾದೆಗಾದರೂ ‘ಹೌದು’ ಅನ್ನುತ್ತಾರೆ. ‘ಹೂ ಬಿಟ್ಟ ಮೇಲೆ ಬರುವ ಮಳೆಗೆ ಏನಂತೀರಾ?’ ಅಂತ ಕೇಳಿ ಸುಮ್ಮನಿರಿ. ಬಾಯಿಮಾತಲ್ಲದೆ ಇನ್ನೂ ಕೆಲವು ಕಡೆ ಹುಡುಕಬೇಕು. ಕೊಡಗಿನ ತೋಟಗಳಲ್ಲಿ ಮಳೆ ಲೆಕ್ಕ ಬರೆದಿಡುವ ಒಳ್ಳೆಯ ಅಭ್ಯಾಸ ಇದೆ. ಆ ಹಳೆಯ ಡೈರಿಗಳಲ್ಲಿ ಎರಡನೇ ಮಳೆಯ ಎದುರು ಏನು ಬರೆದಿದ್ದಾರೆ ನೋಡಿ. ಮಡಿಕೇರಿಯ ‘ಶಕ್ತಿ’ ಪತ್ರಿಕೆಯ ಮಾರ್ಚ್, ಏಪ್ರಿಲ್ ಸಂಚಿಕೆಗಳು, ಮಡಿಕೇರಿ ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳು, ಕಾಫಿ ಮಂಡಳಿಯ ಕನ್ನಡ ಕರಪತ್ರಗಳು, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದವರು ಬೆಳೆಗಾರರ ಜೊತೆ ಆಡುವ ಮಾತು, ಇವೂ ನಿಮಗೆ ಹತ್ತಿರವೇ ಇವೆ. ಯಾರಿಗೆ ಗೊತ್ತು, ಮೇಷ್ಟ್ರಿಗಿಂತ ಮೊದಲೇ ಬೇರೆ ಯಾರೋ ಹೀಗೆ ಬರೆದಿರಬಹುದು. ಹಾಗಿದ್ದರೆ ಪದದ ವಯಸ್ಸೇ ಬದಲಾಗುತ್ತದೆ.

ಅರ್ಥ ಗಟ್ಟಿಯಾಗಿದೆಯೇ ಎಂಬುದನ್ನೂ ಈ ಚೀಟಿಗಳೇ ಹೇಳುತ್ತವೆ. ಈಗ ತೋಟದವರು ‘ಬ್ಯಾಕಿಂಗ್ ಕೊಟ್ಟಾಯ್ತಾ?’ ಅಂತ ಕೇಳುತ್ತಾರೆ. ಅಲ್ಲಿ ಮಳೆಯೇ ಇಲ್ಲ, ಸ್ಪ್ರಿಂಕ್ಲರ್ ನೀರು. ‘ಕಾಯಿಮಳೆ ಕೊಟ್ಟಾಯ್ತಾ?’ ಅಂತ ಯಾರಾದರೂ ಅಂದರೆ ತಕ್ಷಣ ಬರೆದುಕೊಳ್ಳಿ. ಪದ ತನ್ನ ಮೊದಲ ಅರ್ಥದಿಂದ ಕಾಲು ಹೊರಗಿಟ್ಟಿದೆ ಅಂತ ಲೆಕ್ಕ. ಜೀವ ಹಿಡಿದ ಪದಗಳು ಹಾಗೆ ಮಾಡುತ್ತವೆ. ಹಾಗೆಯೇ, ಬಿಡಿ ಭಾಗಗಳಿಂದ ಅರ್ಥ ಹೊಳೆಯುತ್ತದೆಯೇ ಅಂತಲೂ ನೋಡಬೇಕು. ‘ಬೇಸಿಗೆ ಮಳೆ’ಗೆ ನಿಘಂಟು ಬೇಡ, ಯಾರಿಗಾದರೂ ತಿಳಿಯುತ್ತದೆ. ‘ಹೂಮಳೆ’ ಹಾಗಲ್ಲ. ಧಾರವಾಡದವರಿಗೆ ಹೂಮಳೆ ಅಂದರೆ ಮೇಲಿಂದ ಹೂ ಸುರಿಯುವುದು. ನಿಮಗೆ ಹೂ ಬಿಡಿಸುವ ಮಳೆ. ಒಂದೇ ಪದ, ಎರಡು ಅರ್ಥ. ‘ಕಾಯಿಮಳೆ’ಯೂ ಹೊರಗಿನವರಿಗೆ ತಾನಾಗಿ ತಿಳಿಯುವುದಿಲ್ಲ. ಈ ಪರೀಕ್ಷೆಯಲ್ಲಿ ನಿಮ್ಮ ಪದ ಪಾಸು.

ಇಲ್ಲಿ ನಾನು ಸ್ವಲ್ಪ ಒತ್ತಿ ಹೇಳಬೇಕಾದ ಮಾತಿದೆ. ‘ಕಾಯಿಮಳೆ’ಗೆ ಇಷ್ಟು ತಲೆ ಕೆಡಿಸಿಕೊಳ್ಳುವ ಮೊದಲು ನಿಮ್ಮ ಪಟ್ಟಿಯಲ್ಲಿ ‘ಬ್ಯಾಕಿಂಗ್’ ಇದೆಯೇ? ಇಂಗ್ಲಿಷ್ ಅಂತ ಬಿಟ್ಟಿದ್ದರೆ ಇವತ್ತೇ ಸೇರಿಸಿ. ‘ಬ್ಯಾಕಿಂಗಿಗೆ ಮಳೆ ಸಾಲಲಿಲ್ಲ’ ಅಂತ ಕನ್ನಡದ ಪ್ರತ್ಯಯ ಹಚ್ಚಿಕೊಂಡು, ಇಂಗ್ಲಿಷ್ ಬಾರದವರ ಬಾಯಲ್ಲೂ ಓಡಾಡುವ ಪದ ಅದು. ‘ರೈಟರ್’, ‘ಲೈನ್‌ಮನೆ’, ‘ಪಲ್ಪರ್’, ‘ಚೆರಿ’, ‘ಪಾರ್ಚ್‌ಮೆಂಟ್’ ಎಲ್ಲ ಹಾಗೇ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಬೆಳೆಯುವ ಜಿಲ್ಲೆಯ ಕೆಲಸದ ಮಾತು ಇದು. ‘ಸೆಂಟು’ ಎಂಬ ಸಣ್ಣ ಪದವನ್ನೇ ತೆಗೆದುಕೊಳ್ಳಿ. ಉಳಿದ ಕಡೆ ಅದು ಜಾಗದ ಅಳತೆ, ಇಲ್ಲವೇ ಅತ್ತರು. ನಿಮ್ಮಲ್ಲಿ ಮಳೆಯ ಅಳತೆಯೂ ಹೌದು, ಇಂಚಿನ ನೂರನೇ ಒಂದು ಭಾಗ. ಮಿಲಿಮೀಟರ್ ಲೆಕ್ಕ ಪೂರ್ತಿ ಬಂದುಬಿಟ್ಟರೆ ಈ ಅರ್ಥ ಒಂದು ತಲೆಮಾರಿನಲ್ಲಿ ಹೋಗುತ್ತದೆ. ಹೊಸ ಪದವಾದರೆ ಕಾಯುತ್ತದೆ. ಎಂಬತ್ತು ದಾಟಿದ ರೈಟರ್ ಒಬ್ಬರ ನೆನಪಿನಲ್ಲಿರುವ ಪದ ಕಾಯುವುದಿಲ್ಲ. ಚೀಟಿ ಹಿಡಿದು ಮೊದಲು ಅವರ ಮನೆಗೆ ಹೋಗಿ.

ಇಷ್ಟಾದ ಮೇಲೆ ನಿಮ್ಮ ಪುಸ್ತಕದಲ್ಲಿ ಪದ ಹೀಗೆ ಬಂದರೆ ನನಗೆ ತೃಪ್ತಿ:

‘ಕಾಯಿಮಳೆ (ನಾಮಪದ): ಕಾಫಿ ಹೂ ಬಿಟ್ಟ ಎರಡು ಮೂರು ವಾರಕ್ಕೆ ಬೀಳುವ, ಕಾಯಿ ಕಚ್ಚಲು ಬೇಕಾದ ಮಳೆ. ಹೊಸ ಪದ, ಸೋಮವಾರಪೇಟೆ ಕಡೆ ಕೆಲವರ ಬಳಕೆ. ಜಾಸ್ತಿ ಬಳಕೆಯ ಪದ: ಬ್ಯಾಕಿಂಗ್. ಹೋಲಿಸಿ: ಹೂಮಳೆ.’

ಕೆಳಗೆ ಒಂದೋ ಎರಡೋ ನಿಜವಾದ ವಾಕ್ಯ, ವರ್ಷದ ಸಮೇತ. ಮೇಷ್ಟ್ರು ಒಪ್ಪಿದರೆ ಪದ ಮೊದಲು ಅವರ ಬಾಯಿಂದ ಕೇಳಿದ್ದು ಅಂತಲೂ ಬರೆಯಿರಿ. ಎಷ್ಟೋ ಪದಗಳಿಗೆ ಹುಟ್ಟಿಸಿದವರು ಯಾರೆಂದೇ ಗೊತ್ತಿಲ್ಲ, ನಿಮಗೆ ಗೊತ್ತಿದೆ. ಮುಖ್ಯ ವಿವರಣೆ ಮಾತ್ರ ‘ಬ್ಯಾಕಿಂಗ್’ ಅಡಿಯಲ್ಲೇ ಇರಲಿ, ಯಾಕೆಂದರೆ ಹುಡುಕುವವರು ಅಲ್ಲಿಗೇ ಬರುತ್ತಾರೆ. ಕಾಗುಣಿತದ ಬಗ್ಗೆ ಜಾಸ್ತಿ ಯೋಚಿಸಬೇಡಿ. ‘ಕಾಯ್ಮಳೆ’ ಅಂತ ಕೆಲವರು ಬರೆದಿದ್ದರೆ ಅದನ್ನೂ ಪಕ್ಕದಲ್ಲಿ ಹಾಕಿ.

ಐದಾರು ವರ್ಷದ ನಂತರ ಎರಡನೇ ಮುದ್ರಣ ಬಂದಾಗ ಪದ ಯಾರ ಬಾಯಲ್ಲೂ ಉಳಿದಿಲ್ಲ ಅಂತ ಕಂಡರೆ ತೆಗೆದುಹಾಕಬೇಡಿ. ‘ಈಗ ಬಳಕೆಯಲ್ಲಿಲ್ಲ’ ಅಂತ ಗುರುತು ಹಾಕಿ. ಆಕ್ಸ್‌ಫರ್ಡ್ ನಿಘಂಟಿನವರೂ ಹಾಗೇ ಮಾಡುತ್ತಾರೆ, ಒಮ್ಮೆ ಸೇರಿದ ಪದವನ್ನು ಹೊರಹಾಕುವುದಿಲ್ಲ. ಬದಲಿಗೆ ಸಕಲೇಶಪುರದಲ್ಲೋ ಮೂಡಿಗೆರೆಯಲ್ಲೋ ‘ಕಾಯಿಮಳೆ’ ಅನ್ನುತ್ತಿದ್ದಾರೆ ಅಂತ ಸುದ್ದಿ ಬಂದರೆ ಆ ಚೀಟಿಗಳನ್ನು ಒಟ್ಟು ಮಾಡಿ, ದೊಡ್ಡ ನಿಘಂಟಿನ ಸಂಪಾದಕರಿಗೆ ಕಳಿಸಿ. ಆಗ ನೀವು ವಾದ ಮಾಡಬೇಕಾದ ಅಗತ್ಯವೇ ಇರುವುದಿಲ್ಲ, ಚೀಟಿಗಳನ್ನು ಮುಂದಿಟ್ಟರೆ ಸಾಕು.